ಕಟ್ಟಿಗೆಯೊಳಗಿನ ದೀಪ

ನಮ್ಮ ಕಡೆ ಕರೆಂಟು ಎಂಬ ಶಬ್ದಕ್ಕೆ ಇರುವಷ್ಟು ಕೆಲಸ ಬೇರಾವ ಶಬ್ದಕ್ಕೂ ಇಲ್ಲ. ದೀಪ ಆರಿದರೆ ಕರೆಂಟು ಹೋಯಿತು; ಮಂಕಾದರೆ ಕರೆಂಟು ಕಡಿಮೆ; ಕೈಗೆ ತಾಗಿದರೆ ಕರೆಂಟು ಹೊಡೆಯಿತು; ತಿಂಗಳ ಕೊನೆಗೆ ತೆರುವುದೂ ಕರೆಂಟಿನ ಬಿಲ್ಲೇ. ಇದರೊಳಗೆ ವೋಲ್ಟು, ಆಂಪಿಯರ್, ಓಮ್, ವ್ಯಾಟ್ ಎಂಬ ನಾಲ್ಕು ಅಳತೆಗಳು ಅಡಗಿವೆಯೆಂದು ನಾನು ಹತ್ತನೆಯ ಇಯತ್ತೆಯಲ್ಲಿ ಬಾಯಿಪಾಠ ಮಾಡಿದ್ದೆ. ತಿಳಿದುಕೊಂಡದ್ದು ಮಾತ್ರ ತೇರದಾಳದ ನಮ್ಮ ಮನೆಯ ಮಗ್ಗದ ಕೋಣೆಯಲ್ಲಿ.

ತೇರದಾಳವೆಂದರೆ ಹೊರಗಿನವರಿಗೆ ಅಲ್ಲಮಪ್ರಭುವಿನ ಗುಡಿ, ಹನ್ನೆರಡನೆಯ ಶತಮಾನದ ನೇಮಿನಾಥ ಬಸದಿ. ಓಣಿಯಲ್ಲಿ ಬೆಳೆದ ನನಗೆ ಅದು ಮಗ್ಗದ ಸಪ್ಪಳ. ನೆರೆಯ ರಬಕವಿ, ಬನಹಟ್ಟಿಗಳಂತೆ ನಮ್ಮಲ್ಲಿಯೂ ನೇಕಾರರ ಮನೆಗಳು ಬಹಳ. ಅಪ್ಪನದು ಒಂದೇ ವಿದ್ಯುತ್ ಮಗ್ಗ. 1986ರಲ್ಲಿ, ಅಕ್ಕನ ಮದುವೆ ಸಮೀಪಿಸಿತೆಂದು, ಸಾಲ ಮಾಡಿ ಇನ್ನೊಂದನ್ನು ತಂದ.

ಎರಡನೆಯ ಮಗ್ಗ ಬಂದಂದಿನಿಂದ ಮನೆಗೆ ನೆಮ್ಮದಿ ಇಲ್ಲದಾಯಿತು. ಎರಡೂ ಓಡತೊಡಗಿದರೆ ಕೋಣೆಯ ದೀಪ ಕಣ್ಣು ಮಿಟುಕಿಸುವುದು. ಮಧ್ಯಾಹ್ನವಾಗುತ್ತಲೇ ಎಲ್ಲಿಂದಲೋ ಕಮರು ವಾಸನೆ. ಮಾರಿದವನು ಮೋಸ ಮಾಡಿದನೆಂದು ಅಪ್ಪ, ದೃಷ್ಟಿ ತಾಗಿತೆಂದು ಅವ್ವ. ಅವ್ವ ಹೊಸ ಮಗ್ಗಕ್ಕೆ ನಿಂಬೆಹಣ್ಣು ಕಟ್ಟಿದಳು. ದೀಪ ನಿಂಬೆಹಣ್ಣಿಗೂ ಕಣ್ಣು ಮಿಟುಕಿಸಿತು.

ಕೊನೆಗೆ ಹಿಂದಿನ ಓಣಿಯ ವೈರಮನ್ ಕಾಕಾನನ್ನು ಕರೆಸಿದೆವು. ಆತ ಬಂದವನೇ ಗೋಡೆಯ ಕಟ್ಟಿಗೆಯ ಬೋರ್ಡಿಗೆ ಅಂಗೈಯ ಹಿಂಬದಿ ತಾಗಿಸಿ, ಚಟ್ಟನೆ ಹಿಂದೆಗೆದ. ಮೇನ್ ಆರಿಸಿ, ಬೋರ್ಡು ಬಿಚ್ಚಿದ. ಒಳಗೆ ತಾಮ್ರದ ತಂತಿಗೆ ಅಲ್ಯುಮಿನಿಯಮ್ ತಂತಿಯನ್ನು ಬರಿದೆ ತಿರುವಿ ಪಟ್ಟಿ ಸುತ್ತಿದ್ದರು. ಪಟ್ಟಿ ಕರಗಿ, ಹಿಂದಿನ ಕಟ್ಟಿಗೆ ಕರ್ರಗಾಗಿತ್ತು. ಕಾಕಾ ಮತ್ತೆ ಮೇನ್ ಹಾಕಿ ಎರಡೂ ಮಗ್ಗ ಓಡಿಸಲು ಹೇಳಿದ. ತಂತಿಗೆ ಟಾಂಗ್ ಟೆಸ್ಟರ್ ಹಿಡಿದಾಗ ಅದು 10 ಆಂಪಿಯರ್ ತೋರಿಸಿತು. ಮೀಟರಿನ ಎರಡು ಕಡ್ಡಿಗಳನ್ನು ಜೋಡಣೆಯ ಈಚೆ ಒಂದು, ಆಚೆ ಒಂದು ಇಟ್ಟಾಗ 6 ವೋಲ್ಟು.

"ನೀ ಸಾಲಿ ಕಲತಾಂವ. ಲೆಕ್ಕಾ ಹಾಕು ತಮ್ಮಾ" ಎಂದ.

ನೂಲಿನ ಚೀಟಿಯ ಬೆನ್ನಿಗೆ ಬರೆದೆ. ವೋಲ್ಟನ್ನು ಆಂಪಿಯರಿನಿಂದ ಭಾಗಿಸಿದರೆ ರೋಧ: 0.6 ಓಮ್. ಎರಡನ್ನೂ ಗುಣಿಸಿದರೆ ವ್ಯಾಟ್: 60. ಬಳಿಕ ಹೊಸ ಮಗ್ಗ ನಿಲ್ಲಿಸಿ ನೋಡಿದೆವು. 5 ಆಂಪಿಯರ್, 3 ವೋಲ್ಟು. ರೋಧ ಅದೇ 0.6, ವ್ಯಾಟ್ ಮಾತ್ರ 15. ನಾನು ಎರಡು ಸಲ ತಪ್ಪಿದೆನೆಂದುಕೊಂಡು ಮೂರನೆಯ ಸಲ ಬರೆದೆ. ಮಗ್ಗ ಎರಡಾದರೆ ಬಿಸಿ ಎರಡು ಪಟ್ಟಾಗಬೇಕಲ್ಲವೆ? ಇಲ್ಲ, ನಾಲ್ಕು ಪಟ್ಟು. ಪ್ರವಾಹ ಇಮ್ಮಡಿಯಾದರೆ ಅದೇ ರೋಧದ ಮೇಲೆ ವೋಲ್ಟೂ ಇಮ್ಮಡಿಯಾಗುತ್ತದೆ. ಗುಣಾಕಾರದಲ್ಲಿ ಎರಡೂ ಸೇರುತ್ತವೆ. ಒಂದು ಮಗ್ಗದ ಕಾಲದಲ್ಲಿ ಬೆಚ್ಚಗಿದ್ದದ್ದು ಎರಡನೆಯದು ಬಂದೊಡನೆ ಸುಡತೊಡಗಿತ್ತು. ತಪ್ಪು ಹೊಸ ಮಗ್ಗದ್ದಲ್ಲ, ದೃಷ್ಟಿಯದಂತೂ ಅಲ್ಲ.

ಓಮ್, ವ್ಯಾಟ್ ಎಂದರೆ ಅಪ್ಪನಿಗೆ ತಿಳಿಯಲಿಲ್ಲ. ಕಾಕಾ ಬಿಡಿಸಿ ಹೇಳಿದ: "ಅಣ್ಣಾರ, ಈ ಕಟಗಿ ಒಳಗ ಅರವತ್ತರ ಬಲ್ಬು ಒಂದು ಉರ್ಯಾಕತ್ತೇತಿ. ಬೆಳಕಿಲ್ಲ, ಬರೇ ಬೆಂಕಿ."

ಬೋರ್ಡಿನ ಕೆಳಗೆ ಹತ್ತಿನೂಲಿನ ಗಂಟುಗಳಿದ್ದವು. ಗೋಡೆಯ ಆಚೆ ನಾವು ಮಲಗುತ್ತಿದ್ದೆವು. ದಿನಕ್ಕೆ ಹನ್ನೆರಡು ತಾಸು ಮಗ್ಗ ಓಡಿದರೆ ಆ ಬೆಂಕಿಗೆ ಮುಕ್ಕಾಲು ಯೂನಿಟ್ಟಿನಷ್ಟು ಬಿಲ್ಲನ್ನೂ ನಾವೇ ತೆರುತ್ತಿದ್ದೆವೆಂದು ಹೇಳಹೋದೆ. ಅಪ್ಪನ ಮುಖ ನೋಡಿ ಸುಮ್ಮನಾದೆ. ನಾಲ್ಕು ಕಾಸು ಉಳಿಯಲೆಂದು ಆ ತಂತಿಗಳನ್ನು ತಿರುವಿ ಕೂಡಿಸಿದ್ದವನು ಅಪ್ಪನೇ ಎಂಬುದು ಕಾಕಾನಿಗೂ ಗೊತ್ತಿತ್ತು, ನನಗೂ ಗೊತ್ತಿತ್ತು.

ಅಲ್ಯುಮಿನಿಯಮಿನ ಮೈಮೇಲೆ ಗಾಳಿಗೆ ಒಂದು ಕಿಲುಬು ಕಟ್ಟುತ್ತದೆ. ವಿದ್ಯುತ್ತಿಗೆ ಅದು ಅಡ್ಡಗೋಡೆ. ಕಾಕಾ ಹಳೆಯ ಜೋಡಣೆ ಕಡಿದೊಗೆದು, ಬೋರ್ಡಿನವರೆಗೂ ಒಂದೇ ತಾಮ್ರದ ತಂತಿ ಎಳೆದು, ತಿರುಪು ಬಿಗಿದ. ಮತ್ತೆ ಕಡ್ಡಿ ಇಟ್ಟಾಗ ಮುಳ್ಳು ಕದಲಲೇ ಇಲ್ಲ.

ಈ ಲೆಕ್ಕವನ್ನು ಜಗತ್ತಿಗೆ ಕೊಟ್ಟ ಗೇಯಾರ್ಗ್ ಓಮ್ ಕೂಡ ಜರ್ಮನಿಯ ಒಬ್ಬ ಶಾಲಾಮಾಸ್ತರ. 1827ರಲ್ಲಿ ಪುಸ್ತಕ ಬರೆದಾಗ ಅವನ ನಾಡಿನವರು ಮೂಗು ಮುರಿದರು. ಲಂಡನ್ನಿನ ರಾಯಲ್ ಸೊಸೈಟಿ ಪದಕ ಕೊಟ್ಟದ್ದು 1841ರಲ್ಲಿ. ನಮ್ಮ ನಾಡಿನಲ್ಲೇ 1902ರಲ್ಲಿ ಶಿವನಸಮುದ್ರದಿಂದ ಕೋಲಾರದ ಚಿನ್ನದ ಗಣಿಗೆ 92 ಮೈಲಿ ವಿದ್ಯುತ್ತು ಒಯ್ಯುವಾಗ ವೋಲ್ಟನ್ನು ಹತ್ತಾರು ಸಾವಿರಕ್ಕೆ ಏರಿಸಿದ್ದೂ ಇದೇ ಲೆಕ್ಕದಿಂದ. ವೋಲ್ಟು ಹೆಚ್ಚಾದರೆ ಅಷ್ಟೇ ಶಕ್ತಿಗೆ ಸಣ್ಣ ಪ್ರವಾಹ ಸಾಕು. ಪ್ರವಾಹ ಅರ್ಧವಾದರೆ ದಾರಿಯಲ್ಲಿ ತಂತಿ ನುಂಗುವುದು ಕಾಲುಪಾಲು. ದೊಡ್ಡವರು ಕಾವೇರಿಯ ದಂಡೆಯಲ್ಲಿ ಕಂಡದ್ದನ್ನೇ ನಾವು ಒಂದು ಬೋರ್ಡಿನ ಹಿಂದೆ ಕಂಡೆವು.

ಅಕ್ಕನ ಮದುವೆ ಮರುವರ್ಷ ಆಯಿತು. ಸಾಲವೂ ನಿಧಾನವಾಗಿ ತೀರಿತು. ಆ ಜೋಡಣೆಯ ಮಾತನ್ನು ಮನೆಯಲ್ಲಿ ಯಾರೂ ಎತ್ತಲಿಲ್ಲ. ಆದರೆ ಬದುಕಿರುವತನಕ ಅಪ್ಪ, ಸಂಜೆ ಮಗ್ಗ ನಿಲ್ಲಿಸುವ ಮೊದಲು, ಹೊಸ ಬೋರ್ಡಿಗೆ ಅಂಗೈಯ ಹಿಂಬದಿಯನ್ನು ಒಂದು ಗಳಿಗೆ ತಾಗಿಸಿ ನೋಡುತ್ತಿದ್ದ. ಜ್ವರ ಬಂದ ಮಕ್ಕಳ ಹಣೆ ಮುಟ್ಟಿ ನೋಡುವಂತೆ. ತಣ್ಣಗಿದ್ದರೆ ಏನೂ ಹೇಳದೆ ಕೈಕಾಲು ತೊಳೆಯಲು ಹೋಗುತ್ತಿದ್ದ.