ಶ್ರೀತಾಳೆ: ಬಾಳಿಗೊಮ್ಮೆ ಅರಳುವ ಮರ

ಹಸ್ತಪ್ರತಿಗಳ ಅಧ್ಯಯನದಲ್ಲಿ ಲಿಪಿ, ಪಾಠಾಂತರ, ಕಾಲಗಳ ಚರ್ಚೆ ಸಾಕಷ್ಟು ನಡೆದಿದೆ. ಗರಿ ಕೊಟ್ಟ ಮರವನ್ನು ನೆನೆದವರು ವಿರಳ. ಓಲೆಯೆಂದೊಡನೆ ನೆನಪಾಗುವುದು ತಾಟಿನಿಂಗಿನ ತಾಳೆ. ಅದರ ಗರಿ ದಪ್ಪ, ಒರಟು. ಶ್ರೀತಾಳೆಯದು ಅಗಲ, ತೆಳು, ನಯ. ಕಂಟದಿಂದ ಕೊರೆಯುವುದಕ್ಕೂ ಮಸಿಯಿಂದ ಬರೆಯುವುದಕ್ಕೂ ಒದಗುವಂಥದು. ಮೂಡಬಿದಿರೆಯ ಸಿದ್ಧಾಂತ ಬಸದಿ ಶತಮಾನಗಳ ಕಾಲ ಕಾಪಾಡಿದ, ಹಳಗನ್ನಡ ಲಿಪಿಯ ಧವಳಾ ಪ್ರತಿಗಳು ಶ್ರೀತಾಳೆಯ ಗರಿಗಳ ಮೇಲಿವೆ. 1939ರಲ್ಲಿ ಹೀರಾಲಾಲ ಜೈನರ ಸಂಪಾದಕತ್ವದಲ್ಲಿ ಮುದ್ರಣ ಆರಂಭವಾಗುವ ಮೊದಲು ಶತಮಾನಗಳ ಕಾಲ ಆ ಸಿದ್ಧಾಂತಗ್ರಂಥಕ್ಕೆ ಆಸರೆಯಾದದ್ದು ಈ ಎಲೆ.

ಎಲೆಗಿಂತ ಮರದ ಬಾಳು ವಿಸ್ಮಯಕರ. 30ರಿಂದ 80 ವರ್ಷ ಕೂಡಿಟ್ಟ ಸತ್ತ್ವವನ್ನೆಲ್ಲ ವ್ಯಯಿಸಿ ಅದು ಒಮ್ಮೆ ಮಾತ್ರ ಹೂಬಿಡುತ್ತದೆ. ನೆತ್ತಿಯಲ್ಲಿ ಏಳುವ ಕವಲೊಡೆದ ಹೂಗೊಂಚಲು ಸಸ್ಯಲೋಕದಲ್ಲೇ ಅತಿ ದೊಡ್ಡದು. ಅದರಲ್ಲಿ ಹೂಗಳು ಲಕ್ಷಗಟ್ಟಲೆ. ಕಾಯಿ ಮಾಗಲು ಸುಮಾರು ಒಂದು ವರ್ಷ ಬೇಕು. ಬಳಿಕ ಮರ ಸಾಯುತ್ತದೆ.

ಈ ಸಾವೇ ಇರಬಹುದು, ಅಪಶಕುನದ ನಂಬಿಕೆಗೆ ಮೂಲ. ಹೂಬಿಟ್ಟ ಶ್ರೀತಾಳೆ ಊರಿಗೆ ಕೇಡೆಂದು ಬಗೆದು, ತುಳುನಾಡಿನಲ್ಲಿ ಬೀಜ ಬಲಿಯುವ ಮೊದಲೇ ಅದನ್ನು ಕಡಿಯುವುದುಂಟು. ಬಾಳೆಯಂತೆ ಬುಡದಲ್ಲಿ ಕಂದು ಬಿಡುವ ಮರ ಇದಲ್ಲ. ಬೀಜವೊಂದೇ ಇದರ ಸಂತಾನ. ಆದ್ದರಿಂದ ಆ ಕೊಡಲಿಯೇಟು ಬೀಳುವುದು ಹೇಗೂ ಸಾಯಲಿರುವ ಮರಕ್ಕಲ್ಲ, ಅದರ ವಂಶಕ್ಕೆ.

ಬರಗಾಲದಲ್ಲಿ ತಿರುಳಿನ ಹಿಟ್ಟನ್ನೂ ಮಳೆಗಾಲದಲ್ಲಿ ಗರಿಯ ಕೊಡೆಯನ್ನೂ ಕೊಟ್ಟ ಮರವಿದು. ಓಲೆಗೆ ಎಣ್ಣೆ ಸವರಿ ಕಾಪಿಡುವುದು ಗ್ರಂಥಸಂರಕ್ಷಣೆಯಾದರೆ, ಬೀಜ ನೆಲಕ್ಕುದುರುವವರೆಗೆ ಒಂದು ವರ್ಷ ಕೊಡಲಿಯನ್ನು ತಡೆಯುವುದೂ ಅದರ ಭಾಗವೇ.