ಓಟ ಮುಗಿದ ಮೇಲೆ

‘ನಾವು ಕುದುರೆ ಸಾಕಿದ್ದೇವೆ’ ಎಂದರೆ ಪುಣೆಯ ನಮ್ಮ ಕನ್ನಡ ಬಂಧುಗಳು ಮೊದಲು ನಗುತ್ತಾರೆ. ಆಮೇಲೆ ದನಿ ತಗ್ಗಿಸಿ ‘ರೇಸಿಗೋ?’ ಎಂದು ಕೇಳುತ್ತಾರೆ. ರೇಸಿಗಲ್ಲ, ಸವಾರಿಗೂ ಅಲ್ಲ ಎಂದಾಗ ಅವರ ಮುಖದಲ್ಲಿ ಮೂಡುವ ಮರುಕವನ್ನು ನಾವು ಚೆನ್ನಾಗಿ ಬಲ್ಲೆವು. ನಿವೃತ್ತಿಯ ಹಣ ಕೈಗೆ ಬಂದವರಿಗೆ ಒಂದೊಂದು ಹುಚ್ಚು ಹಿಡಿಯುವುದುಂಟು, ಇವರಿಗೆ ಇದು ಹಿಡಿಯಿತು ಎಂದು ಸಮಾಧಾನ ತಂದುಕೊಳ್ಳುತ್ತಾರೆ.

ನಮ್ಮದು ಕುಣಿಗಲ್ ಕಡೆಯ ಊರು. ಟಿಪ್ಪುವಿನ ಅಶ್ವದಳಕ್ಕೆ ಕುದುರೆ ಬೆಳೆಸಿದ ಅಲ್ಲಿನ ಫಾರಂ ಮುಂದೆ ಪಂದ್ಯದ ಕುದುರೆಗಳಿಗೆ ಹೆಸರಾಯಿತು. ಬಾಲ್ಯದಲ್ಲಿ ಅದರ ಬೇಲಿಯ ಹೊರಗೆ ನಿಂತು ಮರಿಗಳ ಓಟ ನೋಡುತ್ತಿದ್ದೆವು. ಬೆಳೆದ ಮೇಲೆ ಇವು ಎಲ್ಲಿಗೆ ಹೋಗುತ್ತವೆ ಎಂದರೆ ಹಿರಿಯರು ‘ಬೆಂಗಳೂರು, ಬೊಂಬಾಯಿ, ಪುಣೆ’ ಎನ್ನುತ್ತಿದ್ದರು. ಅಲ್ಲಿಂದ ಮುಂದೆ ಎಲ್ಲಿಗೆ ಎಂದು ಕೇಳುವ ಬುದ್ಧಿ ನಮಗಿರಲಿಲ್ಲ. ೧೯೮೪ರಲ್ಲಿ ಪಿಂಪ್ರಿಯ ಕಾರ್ಖಾನೆಯೊಂದರ ಕೆಲಸಕ್ಕೆಂದು ನಾವೂ ಪುಣೆಗೇ ಬಂದೆವು.

ಈ ನಾಡಿಗೆ ಕುದುರೆ ಹೊಸದಲ್ಲ. ಭೀಮಾ ತೀರದ ಕುದುರೆಗಳು ಮರಾಠಾ ಸೈನ್ಯವನ್ನೇ ಹೊತ್ತವು. ಜೇಜೂರಿಯ ಖಂಡೋಬ, ಅಂದರೆ ನಮ್ಮ ಮೈಲಾರಲಿಂಗ, ಕುದುರೆ ಏರಿದ ದೇವರು. ಪ್ರತಿವರ್ಷ ಬೆಳಗಾವಿ ಜಿಲ್ಲೆಯ ಅಂಕಲಿಯಿಂದ ಎರಡು ಕುದುರೆಗಳು ಕಾಲ್ನಡೆಯಲ್ಲಿ ಆಳಂದಿಗೆ ಬಂದು, ಜ್ಞಾನೇಶ್ವರರ ಪಾಲಕಿಯೊಡನೆ ಪಂಢರಪುರಕ್ಕೆ ಹೋಗುತ್ತವೆ. ಒಂದರ ಬೆನ್ನು ಖಾಲಿ. ಅದು ಸಂತರಿಗೇ ಮೀಸಲು. ಅದರ ಗೊರಸಿನ ಧೂಳನ್ನು ಹಣೆಗೆ ಹಚ್ಚಿಕೊಳ್ಳುವ ಜನರನ್ನು ಕಂಡಿದ್ದೇವೆ. ಕೆಲಸ ಮುಗಿದ ಕುದುರೆಯೊಂದು ಕಸದ ತೊಟ್ಟಿಗೆ ಮೂತಿಯಿಟ್ಟು ನಿಂತದ್ದನ್ನೂ ಕಂಡಿದ್ದೇವೆ.

ಲೆಕ್ಕ ಬಹಳ ಸರಳ. ಪಂದ್ಯದ ಕುದುರೆ ಎರಡು ಮೂರನೆಯ ವಯಸ್ಸಿಗೆ ಓಡತೊಡಗುತ್ತದೆ. ಆರೇಳು ತುಂಬುವಷ್ಟರಲ್ಲಿ ಹೆಚ್ಚಿನವುಗಳ ಓಟ ಮುಗಿಯುತ್ತದೆ. ಆಯುಸ್ಸಾದರೋ ೨೫ರಿಂದ ೩೦ ವರ್ಷ. ಉಳಿದ ಇಪ್ಪತ್ತು ವರ್ಷ ಅದನ್ನು ಸಾಕುವವರಾರು? ಕೆಲವು ತಳಿ ಬೆಳೆಸಲು ಹೋಗುತ್ತವೆ, ಕೆಲವು ಸವಾರಿ ಕಲಿಸುವಲ್ಲಿಗೆ, ಕೆಲವು ಮದುವೆಯ ಮೆರವಣಿಗೆಗೆ. ಮುಂಬಯಿಯ ವಿಕ್ಟೋರಿಯಾ ಗಾಡಿಗಳು ಕಾನೂನುಬಾಹಿರವೆಂದು ಅಲ್ಲಿನ ಉಚ್ಚ ನ್ಯಾಯಾಲಯ ೨೦೧೫ರಲ್ಲಿ ಹೇಳಿದಾಗ, ಕುದುರೆಗಳಿಗೆ ಬಿಡುಗಡೆಯಾಯಿತೆಂದು ನಾವೂ ಸಂತೋಷಪಟ್ಟೆವು. ಬಿಡುಗಡೆಯಾದ ಕುದುರೆಗೆ ಮರುದಿನ ಹುಲ್ಲು ಹಾಕುವವರಾರು ಎಂಬುದು ಆಮೇಲೆ ಹೊಳೆಯಿತು.

ಇನ್ನೊಂದು ದಾರಿಯ ಕಥೆ ಪುಣೆಯಲ್ಲಿ ಎಲ್ಲರಿಗೂ ಗೊತ್ತು. ಪೂನಾವಾಲಾ ಮನೆತನದ ಫಾರಂನಲ್ಲಿ ನಿವೃತ್ತವಾದ ಕುದುರೆಗಳನ್ನು ಮುಂಬಯಿಯ ಹಾಫ್ಕಿನ್ ಸಂಸ್ಥೆಗೆ ಕೊಡುತ್ತಿದ್ದರು. ಕುದುರೆಗೆ ವಿಷವನ್ನು ಅತ್ಯಲ್ಪವಾಗಿ ಚುಚ್ಚಿ, ಪ್ರಮಾಣವನ್ನು ಸ್ವಲ್ಪಸ್ವಲ್ಪವೇ ಏರಿಸಿದರೆ ಅದರ ರಕ್ತದಲ್ಲಿ ಪ್ರತಿವಿಷ ಹುಟ್ಟುತ್ತದೆ. ಆ ರಕ್ತದಿಂದಲೇ ಮನುಷ್ಯನಿಗೆ ಮದ್ದು. ಅದನ್ನು ತಾವೇ ಏಕೆ ತಯಾರಿಸಬಾರದೆಂಬ ಯೋಚನೆಯಿಂದ ೧೯೬೬ರಲ್ಲಿ ಇಲ್ಲಿ ಸೀರಂ ಇನ್‌ಸ್ಟಿಟ್ಯೂಟ್ ಹುಟ್ಟಿತು. ನಮ್ಮ ಭಾವನೊಬ್ಬನು ಕೊಳಕುಮಂಡಲ ಕಚ್ಚಿಯೂ ಬದುಕಿದ್ದಾನೆ. ಯಾವ ಊರಿನ ಯಾವ ಕುದುರೆಯ ಋಣವೋ! ಮನೆಯಲ್ಲಿ ಆ ಮಾತು ಆಗಾಗ ಬರುತ್ತಿತ್ತು.

ನಿವೃತ್ತಿಯಾದ ಮೇಲೆ ಜೇಜೂರಿಯ ದಾರಿಯಲ್ಲಿ ಒಂದೂವರೆ ಎಕರೆ ಕೊಂಡು ಸಣ್ಣ ಮನೆ ಕಟ್ಟಿದೆವು. ೨೦೧೯ರ ಮಳೆಗಾಲದ ಕೊನೆಗೆ ಗೌರಿ ಬಂದಳು. ಒಂಬತ್ತು ವರ್ಷದ ಕಂದು ಹೆಣ್ಣು ಕುದುರೆ. ಮೊದಲು ಓಡಿದವಳು, ಆಮೇಲೆ ಮದುವೆಗಂಡುಗಳನ್ನು ಹೊತ್ತವಳು. ಮುಂಗಾಲು ಕುಂಟತೊಡಗಿದ ಮೇಲೆ ಯಾರಿಗೂ ಬೇಡವಾದಳು. ಅವಳ ಯಜಮಾನ ಒಂದು ಕಾಸೂ ಕೇಳಲಿಲ್ಲ. ಪುಕ್ಕಟೆ ಸಿಕ್ಕಿತೆಂದು ನಾವು ಹಿಗ್ಗಿದೆವು. ದಿನಕ್ಕೆ ಹತ್ತು ಕಿಲೋ ಮೇವು, ಮೂವತ್ತು ನಾಲ್ವತ್ತು ಲೀಟರು ನೀರು, ಆರೆಂಟು ವಾರಕ್ಕೊಮ್ಮೆ ಗೊರಸು ತಿದ್ದುವವನ ಕೂಲಿ! ಬೇಸಿಗೆಯಲ್ಲಿ ಟ್ಯಾಂಕರ್ ನೀರಿನ ಬಾಕಿ ತೀರಿಸುವಾಗ ಪುಕ್ಕಟೆ ಎಂಬ ಪದದ ಅರ್ಥ ತಿಳಿಯಿತು.

ಮೊದಲ ತಿಂಗಳು ಗೌರಿ ಮೇವು ಬಿಟ್ಟು ಬೇಲಿಯುದ್ದಕ್ಕೂ ಅತ್ತಿಂದಿತ್ತ ನಡೆದಳು. ನಮ್ಮ ಪಕ್ಕದ ಹೊಲದ ಮರಾಠಿ ಮುದುಕಿ ಒಂದು ದಿನ ನಿಂತು ನೋಡಿ, ‘ಅವಳಿಗೆ ಹಸಿವಿಲ್ಲ ಅಂತಲ್ಲ, ಜೊತೆಯಿಲ್ಲ’ ಎಂದಳು. ಗುಂಪಿನಲ್ಲಿ ಬಾಳುವ ಪ್ರಾಣಿಯನ್ನು ಒಂಟಿಯಾಗಿ ತಂದು ನಿಲ್ಲಿಸಿ, ಮನೆ ಕೊಟ್ಟೆವೆಂದು ನಾವು ಭಾವಿಸಿದ್ದೆವು. ಭಾಷೆ ತಿಳಿಯದೆ ಪಿಂಪ್ರಿಯ ಬಾಡಿಗೆಯ ಖೋಲಿಯಲ್ಲಿ ಕಳೆದ ನಮ್ಮ ಮೊದಲ ವರ್ಷ ಆಗ ನೆನಪಿಗೆ ಬಂತು. ಗಿರಿಧಾಮವೊಂದರಲ್ಲಿ ಮಕ್ಕಳನ್ನು ಹೊತ್ತು ಹೊತ್ತು ಬೆನ್ನು ಬಗ್ಗಿದ ಗಿಡ್ಡ ಕುದುರೆಯೊಂದನ್ನು ತಂದೆವು. ತಮ್ಮಣ್ಣ ಎಂದು ಹೆಸರಿಟ್ಟೆವು. ಅವನು ಬಂದ ಸಂಜೆಯೇ ಗೌರಿ ಮೇವಿಗೆ ಬಾಯಿ ಹಾಕಿದಳು. ಅವನ ಪಾಲಿಗೂ ಹಾಕಿದಳು.

ತಪ್ಪು ಅಷ್ಟಕ್ಕೆ ಮುಗಿಯಲಿಲ್ಲ. ಒಂದು ಯುಗಾದಿಗೆ ನಮ್ಮ ಬಳಗದ ನಾಲ್ಕಾರು ಸಂಸಾರಗಳು ತೋಟಕ್ಕೆ ಬಂದಿದ್ದವು. ಗೌರಿಗೆ ಎಲ್ಲರೂ ಪ್ರೀತಿಯಿಂದ ಹೋಳಿಗೆ ತಿನ್ನಿಸಿದರು. ನಾವೇ ತಟ್ಟೆ ಹಿಡಿದು ನಿಂತಿದ್ದೆವು. ನಡುರಾತ್ರಿ ಅವಳು ಹೊಟ್ಟೆಶೂಲೆಯಿಂದ ಹೊರಳಾಡತೊಡಗಿದಳು. ಕುದುರೆಗೆ ವಾಂತಿ ಮಾಡಿಕೊಳ್ಳಲಾಗದು; ಒಳಗೆ ಹೋದದ್ದು ಮುಂದಕ್ಕೇ ಸಾಗಬೇಕು, ಇಲ್ಲವೆ ಪ್ರಾಣವೇ ಹೋಗಬಹುದು. ಪಶುವೈದ್ಯರು ಬರುವವರೆಗೆ ನಾವಿಬ್ಬರೂ ಸರದಿಯ ಮೇಲೆ ಹಗ್ಗ ಹಿಡಿದು ಅವಳನ್ನು ನಡೆಸಿದೆವು. ಮೂರು ಗಂಟೆಗೆ ಅವರು ಬಂದು, ಸೂಜಿಮದ್ದು ಕೊಟ್ಟು, ಮೂಗಿನಿಂದ ಹೊಟ್ಟೆಗೆ ನಳಿಗೆ ಇಳಿಸಿದರು. ಬೆಳಕು ಹರಿಯುವ ಹೊತ್ತಿಗೆ ಗೌರಿ ಲದ್ದಿ ಹಾಕಿದಳು. ಲದ್ದಿಗೆ ಕೈಮುಗಿದವರನ್ನು ನೀವು ನೋಡಿರಲಾರಿರಿ. ಆ ದಿನ ನಾವು ಮುಗಿದೆವು.

ಸುದ್ದಿ ಕೇಳಿ ಬೆಂಗಳೂರಿನಿಂದ ಮಗಳು ಬಂದಳು. ಅವಳು ಗದರಲಿಲ್ಲ. ‘ಅಪ್ಪ, ಗೌರಿಗೆ ಇಪ್ಪತ್ತೈದಾಗುವಾಗ ನಿಮಗೆಷ್ಟು? ಅಮ್ಮನಿಗೆಷ್ಟು?’ ಎಂದಳು. ಲೆಕ್ಕ ಹಾಕಿದೆವು: ಎಪ್ಪತ್ತಾರು, ಎಪ್ಪತ್ತೆರಡು. ಆಗ ನೀರಿನ ಬಕೆಟ್ಟು ಎತ್ತುವವರಾರು? ಅವಳನ್ನು ಮತ್ತೊಮ್ಮೆ ಯಾರಿಗೂ ಬೇಡದ ಕುದುರೆಯಾಗಿ ಬಿಟ್ಟುಹೋದರೆ, ಹಿಂದಿನ ಯಜಮಾನನಿಗಿಂತ ನಾವು ಹೇಗೆ ಮೇಲು? ಆ ರಾತ್ರಿ ನಮಗೆ ನಿದ್ದೆ ಬರಲಿಲ್ಲ.

ಉತ್ತರ ಪಕ್ಕದ ಹೊಲದಲ್ಲೇ ಇತ್ತು. ಆ ಮುದುಕಿಯ ಮೊಮ್ಮಗ ಈಗ ಬೆಳಿಗ್ಗೆ ಸಂಜೆ ಬಂದು ಕುದುರೆಗಳನ್ನು ನೋಡಿಕೊಳ್ಳುತ್ತಾನೆ. ಲದ್ದಿಗೊಬ್ಬರವೆಲ್ಲ ಅವನ ಹೊಲಕ್ಕೆ. ಕುದುರೆಗಳ ಹೆಸರಿನಲ್ಲಿ ಬೇರೆ ಹಣ ಇಟ್ಟಿದ್ದೇವೆ. ನಮ್ಮ ನಂತರ ಅವು ಇರುವತನಕ ಈ ಜಾಗವೂ ಅವುಗಳದೇ ಎಂದು ಮಗಳ ಒಪ್ಪಿಗೆಯಿಂದಲೇ ಬರೆದಿಟ್ಟಿದ್ದೇವೆ.

ಬೇಡವಾದ ಕುದುರೆಯನ್ನು ತರಬೇಕೆಂಬ ಮನಸ್ಸು ನಮ್ಮ ಬಂಧುಗಳಲ್ಲಿ ಯಾರಿಗಾದರೂ ಬಂದರೆ ಸಂತೋಷ. ಮೊದಲು ಅದರ ವಯಸ್ಸು, ನಿಮ್ಮ ವಯಸ್ಸು, ಬಾವಿಯ ನೀರು ಈ ಮೂರನ್ನೂ ಕಾಗದದ ಮೇಲೆ ಬರೆದು ನೋಡಿ. ಲೆಕ್ಕ ಕೂಡದಿದ್ದರೆ ಬೇಸರ ಬೇಡ. ಭಾನುವಾರ ನಮ್ಮ ತೋಟಕ್ಕೆ ಬನ್ನಿ. ಗೌರಿಗೆ ಎರಡು ಗಜ್ಜರಿ ತನ್ನಿ. ಹೋಳಿಗೆ ತಂದರೆ ಅದು ನಮಗಿರಲಿ.