ದೇಶನೂರಿನ ವಿರಕ್ತಮಠ: ಒಂದು ಹೆಸರಿನ ಒಳಗು

ಬೈಲಹೊಂಗಲ, ಕಿತ್ತೂರು, ಸವದತ್ತಿ, ರಾಮದುರ್ಗಗಳ ಸೀಮೆಯಲ್ಲಿ ಮಠವಿಲ್ಲದ ಊರು ವಿರಳ. ಬೈಲಹೊಂಗಲ ತಾಲ್ಲೂಕಿನ ದೇಶನೂರಿನಲ್ಲಿಯೂ ಒಂದು ವಿರಕ್ತಮಠವಿದೆ. ಅದರ ಹೆಸರು ‘ಸ್ನಾನಿಕ ಅರುಳಪ್ಪನವರ ವಿರಕ್ತಮಠ’. ಹೆಸರನ್ನಷ್ಟೇ ಕೇಳಿದವರು ಅರುಳಪ್ಪನನ್ನು ಯಾರೋ ಹಳೆಯ ಶರಣನೆಂದು ಭಾವಿಸುವುದು ಸಹಜ. ವಾಸ್ತವದಲ್ಲಿ ಅದು ಕೆಥೋಲಿಕ ಕ್ರೈಸ್ತರ ಆರಾಧನಾ ಸ್ಥಾನ. ಅಲ್ಲಿ ಸೇವೆಗೈದವರು ಯೇಸುಸಭೆಯ ಗುರುಗಳು.

ಹೆಸರಿನ ಒಂದೊಂದು ಪದವೂ ಪರಿಶೀಲನಾರ್ಹವಾಗಿದೆ. ಸ್ನಾನಿಕ ಎಂದರೆ ದೀಕ್ಷಾಸ್ನಾನ ಮಾಡಿಸಿದವನು, ಯೊರ್ದಾನ್ ನದಿಯ ಯೊವಾನ್ನ. ಯೊವಾನ್ನ ಎಂಬ ಹೀಬ್ರೂ ಮೂಲದ ಹೆಸರಿಗೆ ‘ದೇವರು ಕೃಪಾಳು’ ಎಂದರ್ಥ. ತಮಿಳಿನ ‘ಅರುಳ್’ ಎಂಬುದಕ್ಕೂ ಕೃಪೆಯೆಂದೇ ಅರ್ಥ. ಹೀಗೆ ಅರುಳಪ್ಪ ಎಂಬುದು ಉಚ್ಚಾರಣೆಯ ಅಪಭ್ರಂಶವಲ್ಲ, ಅರ್ಥದ ಅನುವಾದ. ಇನ್ನು ‘ವಿರಕ್ತ’ ಪದವು ಲಿಂಗಾಯತ ಮಠಪರಂಪರೆಯಲ್ಲಿ ಗುರುಪೀಠಗಳಿಂದ ಭಿನ್ನವಾದ ಧಾರೆಯೊಂದನ್ನು ಸೂಚಿಸುತ್ತದೆ. ಒಂಟೆಯ ರೋಮದ ಬಟ್ಟೆಯುಟ್ಟು ಅಡವಿಯಲ್ಲಿ ಬಾಳಿದ ಯೊವಾನ್ನನಿಗೆ ಅದು ಒಪ್ಪುವ ವಿಶೇಷಣವೇ ಸರಿ. ಆತನ ಆಹಾರ ಮಿಡತೆ ಮತ್ತು ಕಾಡುಜೇನು ಎಂದು ಸುವಾರ್ತೆಗಳು ಹೇಳುತ್ತವೆ. ಆತನ ಹೆಸರಿನ ಮಠವಾದರೋ ಸಸ್ಯಾಹಾರವನ್ನು ನಿಯಮವಾಗಿ ಸ್ವೀಕರಿಸಿತು.

ಈ ಪ್ರಯತ್ನಕ್ಕೆ ಪೂರ್ವಪೀಠಿಕೆಯುಂಟು. 17ನೆಯ ಶತಮಾನದಲ್ಲಿ ಮದುರೆಯ ರಾಬರ್ಟೊ ಡಿ ನೊಬಿಲಿ, ಮೈಸೂರು ಸೀಮೆಯ ಲಿಯೊನಾರ್ಡೊ ಚಿನ್ನಮಿ ಇವರು ಸಂನ್ಯಾಸಿವೇಷವನ್ನು ಧರಿಸಿ ದೇಶಭಾಷೆಯನ್ನು ಕಲಿತರು. ಬೆಳಗಾವಿಯಲ್ಲಿ 1820ರಲ್ಲಿ ನೆಲೆಯೂರಿದ ಲಂಡನ್ ಮಿಷನ್ನಿನ ಪ್ರಾಟೆಸ್ಟೆಂಟರು ಶಾಲೆ, ಮುದ್ರಿತ ಪುಸ್ತಕ, ಬೋಧನೆಗಳ ದಾರಿ ಹಿಡಿದರು. ದೇಶನೂರಿನವರು ಚಿನ್ನಮಿಯ ದಾರಿಯನ್ನು ಆಯ್ದುಕೊಂಡರು. ಕಾವಿ, ಆರತಿ, ‘ಸ್ವಾಮಿಗಳು’ ಎಂಬ ಸಂಬೋಧನೆ ಇವೆಲ್ಲವೂ ಅಲ್ಲಿ ಕ್ರೈಸ್ತಜೀವನದ ಅಂಗಗಳಾದವು. 1953ರಲ್ಲಿ ಬೆಳಗಾವಿ ಪ್ರತ್ಯೇಕ ಧರ್ಮಪ್ರಾಂತ್ಯವಾಯಿತು. 1962ರಿಂದ 1965ರವರೆಗೆ ನಡೆದ ಎರಡನೆಯ ವ್ಯಾಟಿಕನ್ ಪರಿಷತ್ತಿನ ತರುವಾಯ ಪೂಜಾವಿಧಿಯಲ್ಲಿಯೂ ಲ್ಯಾಟಿನ್ನಿನ ಸ್ಥಾನಕ್ಕೆ ಕನ್ನಡ ಬಂದಿತು. ಯೊವಾನ್ನನ ಜನ್ಮದಿನವಾದ ಜೂನ್ 24 ಈ ಎರೆಯ ನಾಡಿನಲ್ಲಿ ಮುಂಗಾರಿನ ಬಿತ್ತನೆಯ ಕಾಲ. ರೈತಾಪಿ ಭಕ್ತರಿಗೆ ಪಂಚಾಂಗದ ಈ ಹೊಂದಿಕೆ ಪರಕೀಯವೆನಿಸದು.

ಎರವಲು ಪಡೆದ ರೂಪವು ಎರವಲಾಗಿಯೇ ಉಳಿಯುವುದೇ? ಸವದತ್ತಿಯ ಶಾಸನಗಳು ಇಲ್ಲಿ ನೆನಪಾಗುತ್ತವೆ. ರಟ್ಟರ ಪೃಥ್ವೀರಾಮನು ಶಕ 797ರಲ್ಲಿ ಸುಗಂಧವರ್ತಿಯ ಬಸದಿಗೆ ಭೂದಾನವಿತ್ತನು. ಸುಮಾರು ನೂರು ವರ್ಷಗಳ ಬಳಿಕ, ಕ್ರಿ.ಶ. 980ರಲ್ಲಿ, ಶಾಂತಿವರ್ಮನೂ ಆತನ ತಾಯಿಯೂ ತಲಾ 150 ಮತ್ತರು ಭೂಮಿಯನ್ನು ಬಸದಿಗೆ ಬಿಟ್ಟರು. ಮಗಧದಲ್ಲಿ ಹುಟ್ಟಿದ ಧರ್ಮವು ಅಷ್ಟರಲ್ಲಿ ಈ ಮಣ್ಣಿನದಾಗಿತ್ತು. ಸಂಸ್ಕೃತದ ‘ವಸತಿ’ ಕನ್ನಡದ ಬಾಯಲ್ಲಿ ‘ಬಸದಿ’ಯಾಗಿತ್ತು. ಅದನ್ನು ಯಾರೂ ವೇಷವೆನ್ನಲಿಲ್ಲ.

ಆದರೂ ಹೋಲಿಕೆಗೆ ಮಿತಿಯಿದೆ. ಬಸದಿಗೆ ಅರಸರ ಆಶ್ರಯವಿದ್ದಿತು. ಆಧುನಿಕ ಕಾಲದ ಮಠಕ್ಕೆ ಎರಡು ಕಡೆಯಿಂದಲೂ ಉತ್ತರ ಕೊಡುವ ಹೊಣೆಯಿದೆ. ಕಾವಿಯು ಮತಾಂತರದ ಉಪಾಯವಲ್ಲವೇ ಎಂದು ಹೊರಗಿನವನು ಕೇಳಬಹುದು. ಮಡಿಮೈಲಿಗೆಗಳಿಂದ ಬಿಡುಗಡೆ ಬಯಸಿ ಇಗರ್ಜಿಯ ಬಾಗಿಲಿಗೆ ಬಂದ ದಲಿತ ಕ್ರೈಸ್ತನು ಕೇಳಬಹುದಾದ ಪ್ರಶ್ನೆ ಇನ್ನೂ ಕಠಿಣ: ತನ್ನನ್ನು ಹೊರಗಿಟ್ಟವರ ಆಚಾರವನ್ನೇ ಇಲ್ಲಿಯೂ ಏಕೆ ಗೌರವಿಸಬೇಕು? ಡಿ ನೊಬಿಲಿಯ ಮೇಲಿನ ಆಕ್ಷೇಪವೂ ಜಾತಿಯ ಈ ಗಂಟಿಗೇ ಸಂಬಂಧಿಸಿತ್ತು.

ಕಾವಿಯಾಗಲಿ ಆರತಿಯಾಗಲಿ ಈ ಪ್ರಶ್ನೆಗಳಿಗೆ ಉತ್ತರ ಹೇಳಲಾರವು. ಉತ್ತರ ದೊರೆಯಬೇಕಾದದ್ದು ಪ್ರಸಾದದ ಪಂಕ್ತಿಯಲ್ಲಿ, ಯಾರು ಯಾರ ಪಕ್ಕದಲ್ಲಿ ಕುಳಿತು ಉಣ್ಣುತ್ತಾರೆ ಎಂಬುದರಲ್ಲಿ. ವಿರಕ್ತಮಠವೆಂಬ ಪದವನ್ನು ಪಡೆದುಕೊಂಡವರು ಅದರ ಹಿಂದಿರುವ ಶರಣರ ಮಹಾಮನೆಯ ಪಂಕ್ತಿಯ ಋಣವನ್ನೂ ಪಡೆದುಕೊಂಡಿದ್ದಾರೆ.